ಹೆಸರು ಹೇಳು

ಹಾಜರಿ ಪುಸ್ತಕ, ಗಂಟೆಯ ಗುಂಡಿ,
ವಾರಸುದಾರರಿಲ್ಲದ ಕೈಗವಸುಗಳ ಪೆಟ್ಟಿಗೆ:
ಇಪ್ಪತ್ತೆರಡು ವರ್ಷ ಇಷ್ಟೇ ನನ್ನ ಸಂಸಾರ.
ಈಗ ಒಂದು ಕಪಾಟು, ಅದಕ್ಕೊಂದು ಬೀಗ,
ಒಳಗೆ ಹದಿಮೂರು ಸೀಸೆ.

ನರ್ಸ್ ರೊಸೆಲಾ ಬೆಲ್‌ಗಾರ್ಡ್‌ಗೆ ನಾಲ್ಕು ಶಾಲೆ,
ನಡುವೆ ತೊಂಬತ್ತು ಮೈಲಿ ಉತ್ತರ ಡಕೋಟದ ಬಯಲು.
ನಮ್ಮ ಪಾಲಿಗೆ ಮಂಗಳವಾರದ ಬೆಳಿಗ್ಗೆ ಮಾತ್ರ.
ಮಿಕ್ಕ ದಿನಕ್ಕೆ ನಾವೇ ಗತಿ:
ಗುಮಾಸ್ತೆ ನಾನು, ಬಸ್ಸು ಓಡಿಸುವ ಡ್ವೈಟ್,
ಅಡುಗೆಮನೆಯ ಲವೋನ್, ವ್ಯಾಯಾಮದ ಮೇಷ್ಟ್ರು ಟೊಲೆಫ್ಸನ್.

ಗ್ರಂಥಾಲಯದ ಕುಳ್ಳ ಕುರ್ಚಿಗಳಲ್ಲಿ
ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತೆವು.
ಒಬ್ಬೊಬ್ಬರಿಗೆ ಒಂದೊಂದು ಕಿತ್ತಳೆ.
"ಇದು ತೊಡೆ ಅಂದ್ಕೊಳ್ಳಿ. ಒತ್ತಿ. ಮೂರು ಎಣಿಸಿ. ತೆಗೀರಿ."
ಕರುಗಳಿಗೆ ಸಾವಿರ ಸೂಜಿ ಚುಚ್ಚಿದ ಡ್ವೈಟ್
ಹಣ್ಣಿನ ಮುಂದೆ ಬೆವೆತುಹೋದ.
"ಕರು ನಂದು" ಅಂದ. "ಇವರು ನನ್ನವರಲ್ಲವಲ್ಲ."

ಬೆರಳು ಮಡಿಸಿ ಹೇಳಿಸಿದಳು:
ಸರಿಯಾದ ಮಗು, ಸರಿಯಾದ ಮದ್ದು,
ಅಳತೆ, ಹೊತ್ತು, ದಾರಿ.
ಬಾಯಿಗೋ, ಕಿವಿಗೋ, ಚರ್ಮಕ್ಕೋ.
ಕಣ್ಣಿನ ಹನಿಯನ್ನು ಲವೋನ್ ಕಿವಿಗೆ ಅಂದಳು.
ಯಾರೂ ನಗಲಿಲ್ಲ.

ನನಗೆ ಸಿಟ್ಟು ಬಂದದ್ದು ಒಂದೇ ಮಾತಿಗೆ:
ನೀನು ಇಂಥವನಾ, ಅಂತ ಕೇಳಬಾರದಂತೆ.
ಹೆದರಿದ ಮಗು, ಜ್ವರದ ಮಗು
ಯಾವ ಹೆಸರಿಗೂ ಹೂಂ ಅನ್ನುತ್ತದಂತೆ.
ಹೆಸರು ಹೇಳು ಅನ್ನಬೇಕು. ದಿನಾ. ಗೊತ್ತಿದ್ದರೂ.
ನಾನು! ಇವರ ಅಪ್ಪಂದಿರ ಹಾಲುಹಲ್ಲುಗಳನ್ನು
ಲಕೋಟೆಗೆ ಹಾಕಿ ಮನೆಗೆ ಕಳಿಸಿದವಳು.
"ಗೊತ್ತಿರೋದೇ ಅಪಾಯ" ಅಂದಳು ರೊಸೆಲಾ,
ತೂತಾದ ಹಣ್ಣುಗಳನ್ನು ಎಣಿಸಿ ಚೀಲಕ್ಕೆ ಹಾಕುತ್ತಾ.

ಜನವರಿಯ ಗುರುವಾರ. ಹನ್ನೊಂದೂ ನಲವತ್ತು.
ಮೂರನೇ ತರಗತಿಯ ಕೋಲ್ಟರ್ ಬಂದ.
ಮೂರ್ಛೆರೋಗದ ಮದ್ದು, ಬಿಳಿ ಮಾತ್ರೆ, ಒಂದು.
ಕಾಗದದ ಲೋಟದಲ್ಲಿ ನೀರು.
"ಹೆಸರು ಹೇಳು, ಮರಿ."
ಬೂಟಿನ ತುದಿ ನೋಡುತ್ತಾ ಅಂದ: "ಕೋಲ್ಟರ್ ಹೌಗೆನ್."

ಸೀಸೆಯ ಮೇಲೆ ಕೋಲ್ಟರ್ ರಾಥ್.

ಹೌಗೆನ್, ಆಗಸ್ಟಿನಿಂದ ಅವನನ್ನು ಸಾಕುತ್ತಿರುವ ಮನೆಯ ಹೆಸರು.
ಕೋರ್ಟು ಏನಾದರೂ ಹೇಳುವವರೆಗೆ.

ಮಾತ್ರೆ ಮುಚ್ಚಳದಲ್ಲೇ ನಿಂತಿತು.
ಇವನೇ ಅವನು, ನನಗೆ ಗೊತ್ತು.
ಹುಬ್ಬಿನ ಮೇಲಿನ ಹೊಲಿಗೆ, ಮುಂದಿನ ಹಲ್ಲಿನ ಸಂದು,
ಎಲ್ಲ ಗೊತ್ತು, ಗೊತ್ತಿರೋದೇ...
ಬೀಗ ಹಾಕಿದೆ.

ರೊಸೆಲಾಗೆ ಫೋನು. ಅವಳು ಹಿಮದ ದಾರಿಯಲ್ಲಿ.
"ಕೊಡ..." ಎಂದಷ್ಟೇ ಕೇಳಿಸಿತು. ಆಮೇಲೆ ಗಾಳಿ.
ಕೊಡಬಹುದೋ, ಕೊಡಬೇಡವೋ,
ಬರೀ ಗಾಳಿ.

ಹೌಗೆನ್ ಮನೆಗೆ ಮಾಡಿದೆ. ಅರ್ಲೀಸ್ ಎತ್ತಿದಳು.
"ಏನಂದ?" ಅಂದಳು.
ಇನ್ನೊಮ್ಮೆ ಹೇಳಿದೆ.
ಅವಳ ಹಿಂದೆ ಬಟ್ಟೆ ಒಣಗಿಸುವ ಯಂತ್ರ ತಿರುಗುತ್ತಿತ್ತು,
ಯಾವುದೋ ಅಂಗಿಯ ಗುಂಡಿ ತಗಡಿಗೆ ಬಡಿದು
ಟಿಕ್, ಟಿಕ್, ಟಿಕ್.
"ಅವನ ಕೈಗೆ ಕೊಡಿ."

ಏನು ಹೇಳಿದಳೋ ಕಾಣೆ.
ನಾನು ಕೈಗವಸುಗಳನ್ನು ಜೋಡಿ ಮಾಡುತ್ತಾ ನಿಂತೆ.
ಅವನು ಮಾತಾಡಲಿಲ್ಲ, ತಲೆಯಾಡಿಸಿದ,
ಫೋನಿಗೆ ಕಣ್ಣಿದೆ ಎನ್ನುವ ಹಾಗೆ.

ಮತ್ತೆ ಮೊದಲಿನಿಂದ. ಬೀಗ. ಚೀಟಿ. ದಿನಾಂಕ.
"ಹೆಸರು ಹೇಳು."
"ಸೀಸೆಯದಾ?"
"ಹೂಂ, ಸೀಸೆಯದು."
ಹೇಳಿದ. ನುಂಗಿದ. ನಾಲಿಗೆ ಎತ್ತಿ ತೋರಿಸಿದ.

ಹನ್ನೆರಡಕ್ಕೆ ಮೂರು ನಿಮಿಷ ಎಂದು ಬರೆದೆ.
ತಡವಾದ ಕಾರಣಕ್ಕೆ ಆ ಹಾಳೆಯಲ್ಲಿ
ಅರ್ಧ ಇಂಚು ಜಾಗ.
'ಹೆಸರು ಖಚಿತಪಡಿಸಿಕೊಳ್ಳಲಾಯಿತು.' ಸಹಿ.

ಮಂಗಳವಾರ ರೊಸೆಲಾ ಪುಟ ತಿರುವಿದಳು.
ಆ ಸಾಲಿನ ಮೇಲೆ ಬೆರಳು ನಿಂತಿತು.
"ನಾನಂದದ್ದು ಕೊಡಬೇಡ ಅಂತ."
"ಹಾಗೇ ಕೇಳಿಸಿತು" ಅಂದೆ,
ಕಪಾಟಿನ ಬೀಗದ ಕೈ ಹುಡುಕುತ್ತಾ.
ಅದು ನನ್ನ ಕೊರಳಲ್ಲೇ ಇತ್ತು.